ಮೊದಲು ಗೋಡೆಯನ್ನು ಕೇಳಿ

ದಿಲ್ಲಿ ಸೀಮೆಯ ನೊಯ್ಡಾದಲ್ಲೋ ದ್ವಾರಕಾದಲ್ಲೋ ಹೊಸದಾಗಿ ಸಂಸಾರ ಹೂಡಿದವರು ‘ಮನೆಗೊಂದು ಡ್ರಿಲ್ಲಿಂಗ್ ಮಷಿನ್ ಇರಲಿ’ ಎಂದು ಹೊರಟರೆ ಎರಡು ಯಂತ್ರಗಳು ಎದುರು ನಿಲ್ಲುತ್ತವೆ. ಒಂದು ಕಾರ್ಡ್‌ಲೆಸ್ ಡ್ರಿಲ್, ಇನ್ನೊಂದು ಇಂಪ್ಯಾಕ್ಟ್ ಡ್ರೈವರ್. ಪಿಸ್ತೂಲಿನ ಹಿಡಿ, ಬುಡದಲ್ಲಿ ಬ್ಯಾಟರಿ; ದೂರದಿಂದ ನೋಡಿದರೆ ಫರಕು ತಿಳಿಯದು. ಬೆಲೆಯೂ ಹೆಚ್ಚುಕಡಿಮೆ ಅಕ್ಕಪಕ್ಕ. ಆದರೆ ಡಬ್ಬಿಯ ಮೇಲಿನ ಬಲದ ಅಂಕಿಯಲ್ಲಿ ಇಂಪ್ಯಾಕ್ಟ್ ಡ್ರೈವರು ಡ್ರಿಲ್ಲಿನ ಮೂರು ಪಟ್ಟು ಮುಂದಿರುತ್ತದೆ. ಅಂಕಿ ನೋಡಿ ಕೊಳ್ಳುವ ಕಾಲದಲ್ಲಿ ಎಷ್ಟೋ ಜನ ಅಲ್ಲೇ ಬೀಳುತ್ತಾರೆ.

ಈ ಎರಡನ್ನು ಎದುರುಬದುರು ನಿಲ್ಲಿಸಿ ತೂಗುವ ವಾಡಿಕೆ ಮರದ ಮನೆಗಳ ನಾಡಿನದು. ಅಮೆರಿಕದ ಮನೆಯಲ್ಲಿ ಗೋಡೆಯೊಳಗೆ ಮರದ ಕಂಬ, ನೆಲದಡಿ ಮರದ ತೊಲೆ, ಹಿತ್ತಿಲಲ್ಲಿ ಮರದ ಜಗುಲಿ. ಅಲ್ಲಿ ಮನೆಗೆಲಸವೆಂದರೆ ಬಹುಪಾಲು ಮರಕ್ಕೆ ಸ್ಕ್ರೂ ಇಳಿಸುವ ಕೆಲಸ. ದಿಲ್ಲಿ ಸೀಮೆಯ ಮನೆ ಇಟ್ಟಿಗೆ, ಸಿಮೆಂಟು, ಕಬ್ಬಿಣದ್ದು. ಇಲ್ಲಿ ಸ್ಕ್ರೂ ಇಳಿಸುವ ಮುಂಚೆ ತೂತು ಕೊರೆಯಬೇಕು, ತೂತಿಗೆ ಗಿಟ್ಟಿ (ಸ್ಕ್ರೂ ಕಚ್ಚಿಕೊಳ್ಳುವ ಪ್ಲಗ್ಗು) ತುರುಕಬೇಕು, ಆಮೇಲಷ್ಟೇ ಸ್ಕ್ರೂ. ಕಷ್ಟವಿರುವುದು ಮೊದಲ ಹಂತದಲ್ಲಿ. ಕೊನೆಯದಕ್ಕೆ ಕೈಯ ಸ್ಕ್ರೂಡ್ರೈವರೂ ಸಾಕು. ಹಾಗಿರುವಾಗ ಕೊನೆಯ ಹಂತದ ಯಂತ್ರವನ್ನು ಮೊದಲ ಹಂತದ ಯಂತ್ರಕ್ಕೆ ಪ್ರತಿಸ್ಪರ್ಧಿಯಾಗಿ ನಿಲ್ಲಿಸುವುದೇ ಸರಿಯಲ್ಲ ಎಂಬುದು ನನ್ನ ವಾದ.

ಯಂತ್ರಗಳ ಒಳಗೆ ಇಣುಕಿದರೆ ಇದು ಸ್ಪಷ್ಟವಾಗುತ್ತದೆ. ಡ್ರಿಲ್ಲಿನಲ್ಲಿ ಮೋಟಾರು ತಿರುಗುತ್ತದೆ, ಗೇರು ವೇಗ ತಗ್ಗಿಸಿ ಬಲ ಹೆಚ್ಚಿಸುತ್ತದೆ, ಮೂರು ಹಲ್ಲಿನ ಚಕ್ಕು ಬಿಟ್ಟನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ಕಚ್ಚಿ ಹಿಡಿಯುತ್ತದೆ. ಇದರ ವಂಶಾವಳಿ ಹಳೆಯದು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಪಿಸ್ತೂಲು ಹಿಡಿಗೆ ಪೇಟೆಂಟ್ ಪಡೆಯಿತು. 1961ರಲ್ಲಿ ಅದೇ ಕಂಪನಿ ವೈರನ್ನು ಕಿತ್ತು ಬ್ಯಾಟರಿ ಕೂರಿಸಿತು. ಚಕ್ಕಿನ ಹಿಂದಿರುವ, ಅಂಕಿ ಬರೆದ ಉಂಗುರವೇ ಕ್ಲಚ್ಚು. ಸ್ಕ್ರೂ ನಾವು ಗೊತ್ತುಮಾಡಿದಷ್ಟು ಬಿಗಿಯಾದೊಡನೆ ಅದು ‘ಟರ್ರ್’ ಎಂದು ಜಾರಿಬಿಡುತ್ತದೆ, ಮುಂದೆ ತಿರುಗಿಸುವುದಿಲ್ಲ. ಹ್ಯಾಮರ್ ಗುರುತಿರುವ ಡ್ರಿಲ್ಲಾದರೆ ಒಳಗಿನ ಎರಡು ಹಲ್ಲುಬಿಲ್ಲೆಗಳು ಉಜ್ಜಾಡಿ ಬಿಟ್ಟನ್ನು ಹಿಂದುಮುಂದು ಕುಟ್ಟುತ್ತವೆ. ಗೋಡೆಗೆ ಬೇಕಾದದ್ದು ಈ ಹಿಂದುಮುಂದಿನ ಕುಟ್ಟು.

ಇಂಪ್ಯಾಕ್ಟ್ ಡ್ರೈವರಿನ ಕುಟ್ಟು ಬೇರೆ ಜಾತಿಯದು. ಅದರೊಳಗೆ ಸ್ಪ್ರಿಂಗಿಗೆ ಒರಗಿ ಕೂತ ಉಕ್ಕಿನ ಸುತ್ತಿಗೆ, ಅದರ ಮುಂದೆ ಅಡಿಗಲ್ಲು (ಆನ್ವಿಲ್). ಸ್ಕ್ರೂ ಸಲೀಸಾಗಿ ಇಳಿಯುವತನಕ ಎರಡೂ ಕೂಡಿಯೇ ತಿರುಗುತ್ತವೆ. ತಡೆ ಹೆಚ್ಚಾದಾಗ ಸುತ್ತಿಗೆ ಹಿಂದೆ ಸರಿದು, ತಪ್ಪಿಸಿಕೊಂಡು, ಮತ್ತೆ ಮುಂದೆ ಚಿಮ್ಮಿ ಅಡಿಗಲ್ಲಿನ ಕಿವಿಗೆ ಪಕ್ಕದಿಂದ ಬಡಿಯುತ್ತದೆ. ನಿಮಿಷಕ್ಕೆ ಮೂರು ಸಾವಿರ ಮೀರಿದ ಈ ಹೊಡೆತಗಳೆಲ್ಲ ತಿರುಗುವ ದಿಕ್ಕಿಗೇ ಬೀಳುತ್ತವೆ. ತುಕ್ಕು ಹಿಡಿದ ನಟ್ಟು ಬಿಚ್ಚಲು ಮೆಕ್ಯಾನಿಕ್ ಸ್ಪ್ಯಾನರಿನ ತುದಿಗೆ ಸುತ್ತಿಗೆಯಿಂದ ತಟ್ಟುತ್ತಾನಲ್ಲ, ಅದೇ ಉಪಾಯ. ಉದ್ದದ ಸ್ಕ್ರೂ ಮರಕ್ಕೆ ಇಳಿಸುವಾಗ ಮಣಿಕಟ್ಟು ತಿರುಚುವುದಿಲ್ಲ, ಬಿಟ್ಟು ಸ್ಕ್ರೂವಿನ ತಲೆಯಿಂದ ಹಾರುವುದು ಕಡಿಮೆ. ಅದು ನಿಜವಾದ ಹೆಚ್ಚುಗಾರಿಕೆ. ಆದರೆ ಗೋಡೆಯ ಕಡೆಗೆ ಅದು ಒಂದು ಏಟನ್ನೂ ಹಾಕುವುದಿಲ್ಲ. ಅದರ ಮೂತಿಯಲ್ಲಿ ಚಕ್ಕಿಲ್ಲ, 6.35 ಮಿಲಿಮೀಟರಿನ ಆರು ಮೂಲೆಯ ಕುಳಿಯಿದೆ. ಡ್ರಿಲ್ಲಿನಲ್ಲಿರುವಂಥ ಕ್ಲಚ್ಚೂ ಇಲ್ಲ.

ಇಷ್ಟು ತಿಳಿದ ಮೇಲೆ ಗೋಡೆಗೆ ಬರೋಣ. ದಿಲ್ಲಿ ಸೀಮೆಯ ಮನೆಗಳಲ್ಲಿ ಮೂರು ಬಗೆಯ ಗೋಡೆ ಮುಖ್ಯ, ಮೂರರ ಸ್ವಭಾವವೂ ಬೇರೆ.

ಮೊದಲನೆಯದು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಫ್ಲಾಟುಗಳ, ಹಳೆಯ ಕಾಲೊನಿಗಳ ಸುಟ್ಟ ಇಟ್ಟಿಗೆಯ ಗೋಡೆ. ಬಿಟ್ಟು ಗಿಲಾವು ದಾಟಿದೊಡನೆ ಕೆಂಪು ಪುಡಿ ಸುರಿಯುತ್ತದೆ. ಹ್ಯಾಮರ್ ಇರುವ 12 ವೋಲ್ಟಿನ ಡ್ರಿಲ್ಲು, ತುದಿಗೆ ಕಾರ್ಬೈಡ್ ಕೂರಿಸಿದ 6 ಅಥವಾ 8 ಮಿಲಿಮೀಟರ್ ಬಿಟ್ಟು ಇದ್ದರೆ ಈ ಗೋಡೆ ಮಾತು ಕೇಳುತ್ತದೆ. ಗಡಿಯಾರ, ದೇವರ ಮಂಟಪ, ಪುಸ್ತಕದ ಹಲಗೆ ಎಲ್ಲವೂ ನಿಲ್ಲುತ್ತವೆ. ಮೋಸ ಹೋಗುವುದು ಕರ್ಟನ್ ಹಾಕುವಾಗ. ಕರ್ಟನ್ ರಾಡ್ ಕೂರುವುದು ಕಿಟಕಿಯ ನೆತ್ತಿಯ ಮೇಲೆ, ಅಂದರೆ ಸರಿಯಾಗಿ ಕಾಂಕ್ರೀಟಿನ ಲಿಂಟಲ್ ಇರುವ ಜಾಗದಲ್ಲಿ. ಪಕ್ಕದ ಗೋಡೆಯಲ್ಲಿ ಸಲೀಸಾಗಿ ಇಳಿದ ಬಿಟ್ಟು ಅಲ್ಲಿ ಅರ್ಧ ಇಂಚಿಗೆ ನಿಂತು ಹೊಗೆಯಾಡುತ್ತದೆ. ಜನ ಯಂತ್ರವನ್ನು ಬೈಯುತ್ತಾರೆ, ‘ಇಂಪ್ಯಾಕ್ಟ್ ತಗೋಬೇಕಿತ್ತು’ ಎನ್ನುತ್ತಾರೆ. ತಗೊಂಡಿದ್ದರೆ ಇನ್ನೂ ಬೇಗ ಸೋಲುತ್ತಿದ್ದರು.

ಎರಡನೆಯದು ಗ್ರೇಟರ್ ನೊಯ್ಡಾ ವೆಸ್ಟ್‌ನಂಥ ಕಡೆಯ ಬಹುಮಹಡಿ ಕಟ್ಟಡಗಳಲ್ಲಿ ಹೇರಳವಾಗಿ ಸಿಗುವ ಎಎಸಿ ಬ್ಲಾಕಿನ ಗೋಡೆ. ಹೊಟ್ಟೆಯೊಳಗೆ ಗಾಳಿಗುಳ್ಳೆ ತುಂಬಿಕೊಂಡ ಹಗುರ ಬ್ಲಾಕು. ಬೂದುಬಿಳುಪಿನ ಮೆತ್ತಗಿನ ಪುಡಿ ಉದುರುತ್ತದೆ. ಇಲ್ಲಿ ಹೆಚ್ಚು ಬಲವೇ ಅಪಾಯ. ಹ್ಯಾಮರ್ ಹಾಕಿ ಕೊರೆದರೆ ತೂತು ಹಿಗ್ಗಿ ಗಿಟ್ಟಿ ಕೈಗೆ ಬರುತ್ತದೆ. ಹ್ಯಾಮರ್ ಬಂದ್ ಮಾಡಿ, ಬರೀ ತಿರುಗಿಸಿ, ಮೆಲ್ಲಗೆ ಕೊರೆಯಬೇಕು. ಭಾರದ ಸಾಮಾನಿಗೆ ಈ ಬ್ಲಾಕಿಗೆಂದೇ ಮಾಡಿದ ಉದ್ದನೆಯ ಗಿಟ್ಟಿ ಬೇಕು. ಸಾಧಾರಣ ಡ್ರಿಲ್ಲು ಇಲ್ಲಿ ರಾಜ.

ಮೂರನೆಯದು ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಎಬ್ಬಿಸಿದ ಗೋಡೆ. ‘ಮಿವಾನ್’ ಎಂದು ಎಲ್ಲರ ಬಾಯಲ್ಲಿರುವ ಪದ್ಧತಿ ಇದೇ. ಗುರುಗ್ರಾಮ, ನೊಯ್ಡಾದ ಹೊಸ ಗೋಪುರಗಳಲ್ಲಿ ಕೆಲವೆಡೆ ಮಲಗುವ ಕೋಣೆಯ ಗೋಡೆಯೂ ಅಪ್ಪಟ ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟು. ಇಲ್ಲಿ ಕಾರ್ಡ್‌ಲೆಸ್ ಡ್ರಿಲ್ಲಿನ ಹಲ್ಲುಬಿಲ್ಲೆಯ ಕುಟ್ಟು ಬರೀ ಸದ್ದು. ಬೇಕಾದದ್ದು ರೋಟರಿ ಹ್ಯಾಮರ್: ಒಳಗೆ ಗಾಳಿಯ ಒತ್ತಡದಿಂದ ಪಿಸ್ಟನ್ನು ಬಿಟ್ಟಿನ ಹಿಂಬದಿಗೆ ಗುದ್ದುವ, ಎಸ್‌ಡಿಎಸ್ ಬಿಟ್ಟಿನ ಯಂತ್ರ. ಬಾಷ್ ಕಂಪನಿಯ ಜಿಬಿಎಚ್ 2-26 ಮಾದರಿಯನ್ನೇ ತೆಗೆದುಕೊಂಡರೆ ಒಂದೊಂದು ಗುದ್ದಿಗೆ 2.7 ಜೂಲ್ ಶಕ್ತಿ. ಗಮನಿಸಿ, ಗೋಡೆಯ ಲೆಕ್ಕಕ್ಕೆ ಬರುವ ಅಂಕಿ ಈ ಜೂಲ್. ಡಬ್ಬಿಯ ಮೇಲಿನ ನ್ಯೂಟನ್ ಮೀಟರ್, ಅಂದರೆ ತಿರುಗಿಸುವ ಬಲ, ಸ್ಕ್ರೂವಿನ ಲೆಕ್ಕ. ಊರಿನ ನೆನಪಿಗೆ ಹಾಲ್‌ನಲ್ಲಿ ತೂಗುಮಂಚ ಕಟ್ಟಬೇಕೆಂಬ ಆಸೆಯಿದ್ದರೆ ಅದು ಪೂರ್ತಿ ಇದೇ ಯಂತ್ರದ ಕೆಲಸ. ಸ್ಲ್ಯಾಬಿನ ಕಬ್ಬಿಣ ತಪ್ಪಿಸಿ, ಸರಿಯಾದ ಆಳಕ್ಕೆ ಆಂಕರ್ ಬೋಲ್ಟ್ ಕೂರಿಸಬಲ್ಲ ಕೈಯೂ ಬೇಕು. ನಾವು ಹೋಲಿಸುತ್ತಿರುವ ಎರಡೂ ಯಂತ್ರಗಳು ಆ ಕೆಲಸದಲ್ಲಿ ಲೆಕ್ಕಕ್ಕಿಲ್ಲ.

ಗೋಡೆ ಬಿಟ್ಟು ಮನೆಯೊಳಗಿನ ಮರಕ್ಕೆ ಬಂದರೆ ಇಂಪ್ಯಾಕ್ಟ್ ಡ್ರೈವರಿನ ಪಕ್ಷ ಬಲಗೊಳ್ಳಬೇಕಿತ್ತು. ಆದರೆ ಫ್ಲಾಟುಗಳಲ್ಲಿ ಈಗಿರುವ ‘ಮರ’ ಬಹುಪಾಲು ಪಾರ್ಟಿಕಲ್ ಬೋರ್ಡು, ಎಂಡಿಎಫ್, ಅಬ್ಬಬ್ಬಾ ಎಂದರೆ ಪ್ಲೈವುಡ್. 2025ರ ಮಾರ್ಚಿನಲ್ಲಿ ಐಕಿಯಾ ದಿಲ್ಲಿ ಸೀಮೆಗೆ ಆನ್‌ಲೈನ್ ಮಾರಾಟ ಶುರುಮಾಡಿತು. ಬಿಡಿಭಾಗವಾಗಿ ಬರುವ ಕಪಾಟನ್ನು ಮನೆಯಲ್ಲೇ ಜೋಡಿಸುವ ವಾಡಿಕೆ ಇನ್ನು ಬೆಳೆಯುವುದೇ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗೆ ಸ್ಕ್ರೂ ಒಂದು ಸುತ್ತು ಹೆಚ್ಚಾದರೆ ತೂತಿನ ಗೋಡೆಯೇ ಪುಡಿಯಾಗುತ್ತದೆ. ಆಮೇಲೆ ಆ ಸ್ಕ್ರೂ ಎಷ್ಟು ತಿರುಗಿಸಿದರೂ ಹಿಡಿಯುವುದಿಲ್ಲ. ಅಡುಗೆಮನೆಯ ಕಪಾಟಿನ ಹಿಂಜು ವರ್ಷದೊಳಗೆ ಸಡಿಲಾಗಲು ಹೀಗೆ ಮಿತಿಮೀರಿ ಬಿಗಿದದ್ದೂ ಒಂದು ಕಾರಣ. ಇಂಥಲ್ಲಿ ಮನೆಯವರ ಕೈಗೆ ಬೇಕಾದ ಗುಣ ಸಂಯಮ. ಡ್ರಿಲ್ಲಿನ ಕ್ಲಚ್ಚು ಆ ಸಂಯಮವನ್ನು ಯಂತ್ರದೊಳಗೇ ಇಟ್ಟಿದೆ. ಇಂಪ್ಯಾಕ್ಟ್ ಡ್ರೈವರು ಅದನ್ನು ನಮ್ಮ ಬೆರಳಿಗೆ ಬಿಟ್ಟಿದೆ. ಪಳಗಿದ ಬೆರಳಿಗೆ ಅದು ಸ್ವಾತಂತ್ರ್ಯ, ಪಳಗದ ಬೆರಳಿಗೆ ನಷ್ಟ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎಂದೂ ಕಾಣಿಸದ ಈ ಉಂಗುರವೇ ನನ್ನ ಮಟ್ಟಿಗೆ ಡ್ರಿಲ್ಲಿನ ಅತಿ ದೊಡ್ಡ ಗುಣ.

ಹಾಗಾದರೆ ಇಂಪ್ಯಾಕ್ಟ್ ಡ್ರೈವರು ಯಾರಿಗೆ? ಕೀರ್ತಿ ನಗರದ ಪೀಠೋಪಕರಣ ಮಾರುಕಟ್ಟೆಯಲ್ಲಿ ದಿನವಿಡೀ ಪ್ಲೈಗೆ ಸ್ಕ್ರೂ ಇಳಿಸುವ ಬಡಗಿಗೆ, ಫಾಲ್ಸ್ ಸೀಲಿಂಗಿನ ತಗಡುಪಟ್ಟಿಗೆ ತಲೆಯೆತ್ತಿ ಸ್ಕ್ರೂ ಹೊಡೆಯುವವನಿಗೆ, ತಾರಸಿಯ ಮೇಲೆ ತಗಡಿನ ಮಾಡು ಹೊದಿಸುವವನಿಗೆ, ಏಸಿಯ ಹೊರಘಟಕಕ್ಕೆ ಸ್ಟ್ಯಾಂಡು ಬಿಗಿಯುವವನಿಗೆ. ಸಂಜೆಯ ಹೊತ್ತಿಗೆ ಅವರ ಮಣಿಕಟ್ಟು ಉಳಿಸುವ ಯಂತ್ರ ಇದು. ಹಗುರ, ಗಿಡ್ಡ, ಮೂಲೆಗೆ ತೂರುತ್ತದೆ. ಹಾಗಿದ್ದೂ ಈ ಸೀಮೆಯ ಎಷ್ಟೋ ಬಡಗಿಗಳು ವೈರಿರುವ ಹಳೆಯ ಡ್ರಿಲ್ಲಿಗೇ ಸ್ಕ್ರೂ ಬಿಟ್ಟು ಸಿಕ್ಕಿಸಿ ಟ್ರಿಗರನ್ನು ತಟ್ಟಿತಟ್ಟಿ ಕೆಲಸ ಮುಗಿಸುತ್ತಾರೆ. ಅವರ ಬೆರಳೇ ಕ್ಲಚ್ಚು.

ಇನ್ನು ಮಾರುಕಟ್ಟೆ. ಅಜ್ಮೇರಿ ಗೇಟಿನಿಂದ ಹೊರಡುವ ಶ್ರದ್ಧಾನಂದ ಮಾರ್ಗದ, ಅಂದರೆ ಹಳೆಯ ಜಿ.ಬಿ. ರೋಡಿನ, ನೆಲಮಹಡಿಯ ತುಂಬ ಯಂತ್ರ ಮತ್ತು ಸಲಕರಣೆಗಳ ಅಂಗಡಿ. ಸನಿಹದ ಚಾವ್ಡಿ ಬಜಾರಿನಲ್ಲಿ ಹಾರ್ಡ್‌ವೇರ್ ಸಾಲು. ಅಲ್ಲಿ ಬರೀ ‘ಇಂಪ್ಯಾಕ್ಟ್ ಕೊಡಿ’ ಎಂದರೆ ಮೂರು ಬಗೆಯ ಯಂತ್ರ ಬರಬಹುದು: ಹ್ಯಾಮರ್ ಇರುವ ‘ಇಂಪ್ಯಾಕ್ಟ್ ಡ್ರಿಲ್’, ಸ್ಕ್ರೂವಿನ ‘ಇಂಪ್ಯಾಕ್ಟ್ ಡ್ರೈವರ್’, ಗಾಡಿಯ ಚಕ್ರದ ನಟ್ಟು ಬಿಚ್ಚುವ ‘ಇಂಪ್ಯಾಕ್ಟ್ ರೆಂಚ್’. ಬಿಲ್ಲು ಬರೆಸುವ ಮುಂಚೆ ಮೂತಿ ನೋಡಿ. ಮೂರು ಹಲ್ಲಿನ ಚಕ್ಕಿದ್ದರೆ ಡ್ರಿಲ್ಲು, ಆರು ಮೂಲೆಯ ಕುಳಿಯಿದ್ದರೆ ಡ್ರೈವರು, ಹೊರಚಾಚಿದ ಚೌಕ ತುದಿಯಿದ್ದರೆ ರೆಂಚು.

ಅಂಕಿಗಳನ್ನೂ ಸೋಸಬೇಕು. 12 ವೋಲ್ಟಿನ ಸಾಲಿನಲ್ಲಿ ಬಾಷ್ ಜಿಎಸ್‌ಬಿ 120 ಡ್ರಿಲ್ಲಿಗೆ 30 ನ್ಯೂಟನ್ ಮೀಟರ್, ಜಿಡಿಆರ್ 120 ಇಂಪ್ಯಾಕ್ಟ್ ಡ್ರೈವರಿಗೆ 100. ಮೊದಲನೆಯದು ಎಡೆಬಿಡದೆ ತಿರುಗಿಸುವ ಬಲ, ಎರಡನೆಯದು ಹೊಡೆತ ಬಿದ್ದ ಕ್ಷಣದ ಬಲ. ಒಂದೇ ತಕ್ಕಡಿಗೆ ಹಾಕಿದರೆ ತೂಕ ಸುಳ್ಳಾಗುತ್ತದೆ. ವೋಲ್ಟಿನದೂ ಇದೇ ಕಥೆ. ಐದು ಲಿಥಿಯಂ ಸೆಲ್ ಸಾಲಾಗಿ ಕೂರಿಸಿದರೆ 18 ವೋಲ್ಟು. ಪೂರ್ತಿ ಚಾರ್ಜಾದ ಗಳಿಗೆಯ ಲೆಕ್ಕ ಹಿಡಿದು ಕೆಲವರು ಅದನ್ನೇ 20 ಎಂದು ಬರೆಯುತ್ತಾರೆ. ಇದು ಜಾಣತನ, ಸುಳ್ಳಲ್ಲ. ಆದರೆ ಹೆಸರಿಲ್ಲದ ಡಬ್ಬಿಗಳ ಮೇಲೆ 48, 88 ಎಂದು ರಾರಾಜಿಸುವ ಅಂಕಿಗೆ ಮಾತ್ರ ಅರ್ಥವೇ ಇಲ್ಲ. ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಅದೇ ಐದು ಸೆಲ್ಲಿನ ಸಾಲು.

ಎರಡೂ ಯಂತ್ರ, ಎರಡು ಬ್ಯಾಟರಿ, ಒಂದು ಚಾರ್ಜರ್ ಸೇರಿಸಿ ಮಾರುವ ‘ಕಾಂಬೊ’ ಪೆಟ್ಟಿಗೆ ಇದಕ್ಕೆಲ್ಲ ಪರಿಹಾರದಂತೆ ಕಾಣುತ್ತದೆ. ದುಡಿಯುವವನಿಗೆ ಅದು ಲಾಭವೇ: ಒಂದರಲ್ಲಿ ಕೊರೆದು, ಬಿಟ್ಟು ಬದಲಿಸದೆ ಇನ್ನೊಂದರಲ್ಲಿ ಬಿಗಿಯಬಹುದು. ಮನೆಯವರಿಗೆ ಅದು ಹೆಚ್ಚಿನ ಭಾರ. ದಿಲ್ಲಿಯ ಹವೆಯಲ್ಲಿ ಬ್ಯಾಟರಿಗೆ ಆರೈಕೆಯೂ ಬೇಕು. ಜೂನಿನಲ್ಲಿ 45 ಡಿಗ್ರಿ ಮುಟ್ಟುವ ಊರು. ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ. ಆ ಕಾವಿನಲ್ಲಿ ಇಟ್ಟ, ಚಾರ್ಜಿಗೆ ಹಾಕಿದ ಲಿಥಿಯಂ ಸೆಲ್ಲು ಬೇಗ ಮುದಿಯಾಗುತ್ತದೆ. ವರ್ಷಕ್ಕೆ ಹತ್ತು ತೂತು ಕೊರೆಯುವವರು ಬ್ಯಾಟರಿಯ ಗೊಡವೆಯೇ ಬೇಡವೆಂದು ವೈರಿರುವ 600 ವ್ಯಾಟಿನ ಹ್ಯಾಮರ್ ಡ್ರಿಲ್ ಕೊಂಡರೆ ನಾನು ಅವರನ್ನು ಹಿಂದುಳಿದವರೆನ್ನುವುದಿಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಬಲ, ಕಪಾಟಿನಲ್ಲಿ ಎಷ್ಟು ವರ್ಷ ಮಲಗಿದ್ದರೂ ಸ್ವಿಚ್ಚು ಒತ್ತಿದಾಗ ಏಳುತ್ತದೆ.

ಕೊಳ್ಳದಿರುವುದೂ ಒಂದು ಆಯ್ಕೆ. ಗುರುಗ್ರಾಮದಲ್ಲಿ ಕಚೇರಿಯಿರುವ ಅರ್ಬನ್ ಕಂಪನಿ 2014ರಲ್ಲಿ ಶುರುವಾದ ಮೇಲೆ ಬಡಗಿಯನ್ನು ಫೋನಿನಲ್ಲೇ ಕರೆಸುವುದು ಈ ಊರಿಗೆ ರೂಢಿಯಾಗಿದೆ. ಆರ್‌ಸಿಸಿ ಗೋಡೆಯ ಮನೆಯವರಿಗಂತೂ ರೋಟರಿ ಹ್ಯಾಮರ್ ಹೊತ್ತು ಬರುವ ಕೈಯನ್ನು ಕರೆಸುವುದೇ ಜಾಣತನ. ಜೊತೆಗೆ ನೆರೆಯವರ ಕಿವಿಯ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್ ಮಿತಿ ಇಟ್ಟಿದೆ. ಇಂಪ್ಯಾಕ್ಟ್ ಡ್ರೈವರು ಬಡಿಯತೊಡಗಿದರೆ ಕೋಣೆಯೊಳಗೆ 90 ದಾಟುತ್ತದೆ. ಮಧ್ಯಾಹ್ನ ಕೊರೆಯಬೇಡಿ ಎಂಬ ಸೊಸೈಟಿಯ ನೋಟಿಸು ಸುಮ್ಮನೆ ಹುಟ್ಟಿದ್ದಲ್ಲ.

ಹೀಗಾಗಿ ನನ್ನ ತೀರ್ಪು: ಇಟ್ಟಿಗೆ ಅಥವಾ ಎಎಸಿ ಗೋಡೆಯ ಮನೆಗೆ ಹ್ಯಾಮರ್ ಮತ್ತು ಕ್ಲಚ್ಚು ಎರಡೂ ಇರುವ 12 ವೋಲ್ಟಿನ ಡ್ರಿಲ್ಲು ಸಾಕು, ಅದೇ ಮೊದಲ ಯಂತ್ರವಾಗಬೇಕು. ಇಡೀ ಮನೆ ಆರ್‌ಸಿಸಿ ಆಗಿದ್ದರೆ ಗೋಡೆಯ ಕೆಲಸ ಬಾಡಿಗೆ ಕೈಗೆ, ಕಪಾಟಿನ ಕೆಲಸ ಅದೇ ಡ್ರಿಲ್ಲಿಗೆ. ಕೊಳ್ಳುವಾಗ ಬಿಡಿ ಬ್ಯಾಟರಿ, ದುರಸ್ತಿ ಹತ್ತಿರದಲ್ಲಿ ಸಿಗುವ ಕಂಪನಿಯನ್ನು ಆರಿಸಿಕೊಳ್ಳಿ. ಅದೇ ಬ್ಯಾಟರಿ ಒಪ್ಪುವ ಇಂಪ್ಯಾಕ್ಟ್ ಡ್ರೈವರನ್ನು ಬ್ಯಾಟರಿಯಿಲ್ಲದೆ ಬರೀ ಯಂತ್ರವಾಗಿ ಯಾವಾಗ ಬೇಕಾದರೂ ತರಬಹುದು. ಡ್ರಿಲ್ಲು ಒಂದಷ್ಟು ಕಾಲ ಕೈಯಲ್ಲಿ ಆಡಿದ ಮೇಲೆ ಅದು ಎಲ್ಲಿ ಸೋಲುತ್ತದೆ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಸೋತದ್ದು ಉದ್ದದ ಸ್ಕ್ರೂಗಳ ಮುಂದಾದರೆ ಮಾತ್ರ ಎರಡನೆಯದಕ್ಕೆ ದುಡ್ಡು ಬಿಚ್ಚಿ. ಗೋಡೆಯ ಮುಂದಾದರೆ ಆ ದುಡ್ಡು ರೋಟರಿ ಹ್ಯಾಮರಿನವನಿಗೆ ಸಲ್ಲಬೇಕಾದದ್ದು.