ಮಿಸ್ತ್ರಿ ಎರಡನೇ ಸಲ ಬರಬೇಕು

ಪೂಲ್ ಟೇಬಲ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಡೀಲರ್ ಆ ಪ್ರಶ್ನೆಗೆ ತಯಾರಾಗಿಯೇ ಕೂತಿರುತ್ತಾನೆ. ಸೋಪು, ಟೂತ್‌ಪೇಸ್ಟಿನ ಹಾಗೆ ಈ ಸರಕಿಗೆ ಊರಿಗೆಲ್ಲ ಗೊತ್ತಿರುವ ದರ ಇಲ್ಲ. ಅನೇಕ ಟೇಬಲ್‌ಗಳು ಆರ್ಡರ್ ಕೊಟ್ಟ ಮೇಲೆ ತಯಾರಾಗುತ್ತವೆ; ಕಲ್ಲು, ಮರ, ಬಟ್ಟೆ, ರಬ್ಬರು ಯಾವುದೊಂದು ಬದಲಾದರೂ ಬೆಲೆ ಬದಲಾಗುತ್ತದೆ. ಆಮೇಲೆ ಬಿಟ್ಟುಕೊಡಬೇಕಾದ ಹಣವನ್ನು ಮೊದಲ ದರದಲ್ಲೇ ಸೇರಿಸಿಡುವುದು ಇಂಥ ವ್ಯಾಪಾರದಲ್ಲಿ ತೀರಾ ಸುಲಭ. ಹೀಗಿರುವಾಗ ಶೇ 15 ಇಳಿಸಿದೆ ಎಂದು ಬೀಗುವವರು ಯಾವ ದರದಿಂದ ಇಳಿಸಿದ್ದು ಎಂಬುದನ್ನು ಯೋಚಿಸಿರುವುದಿಲ್ಲ. ರಾಯಚೂರಿನವರು, ಅದರಲ್ಲೂ ದೇವದುರ್ಗ, ಮಾನ್ವಿಯ ಕಡೆಯವರು, ಚೌಕಾಸಿ ಮಾಡಲೇಬೇಕು. ಆದರೆ ಆ ಚೌಕಾಸಿಯನ್ನು ಟೇಬಲ್ಲಿನ ದರಕ್ಕಿಂತ ಹೆಚ್ಚಾಗಿ ಟೇಬಲ್ ಕೂರಿಸುವ ಮಿಸ್ತ್ರಿಯ ಎರಡನೇ ಭೇಟಿಗಾಗಿ ಮಾಡಬೇಕು ಎಂಬುದು ನನ್ನ ವಾದ.

ಕಾರಣ ಟೇಬಲ್ಲಿನ ಹೊಟ್ಟೆಯಲ್ಲೇ ಇದೆ. 1826ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಮರದ ಹಲಗೆಯ ಬದಲು ಸ್ಲೇಟ್ ಕಲ್ಲು ಹಾಸಿದ ಮೇಲೆ ಈ ಆಟದ ಲೆಕ್ಕವೇ ಬದಲಾಯಿತು. ಮರ ಬಾಗುತ್ತದೆ, ಸ್ಲೇಟು ಸುಲಭಕ್ಕೆ ಬಾಗುವುದಿಲ್ಲ. ವಿಶ್ವ ಪೂಲ್ ಬಿಲಿಯರ್ಡ್ ಸಂಸ್ಥೆಯ ಮಾನದಂಡದಂತೆ ಕಲ್ಲು ಕನಿಷ್ಠ ಒಂದು ಇಂಚು ದಪ್ಪ ಇರಬೇಕು. ಮಟ್ಟದ ವ್ಯತ್ಯಾಸ ಉದ್ದಕ್ಕೆ ಸುಮಾರು ಅರ್ಧ ಮಿಲಿಮೀಟರ್, ಅಗಲಕ್ಕೆ ಅದರ ಅರ್ಧ ಮೀರಬಾರದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಇಂಚು ದಪ್ಪದ ಕಲ್ಲೇ ಇನ್ನೂರು ಕೆಜಿ ದಾಟುತ್ತದೆ. ಅಷ್ಟು ಭಾರವನ್ನು ಎತ್ತಿ ಸಾಗಿಸುವುದು ಕಷ್ಟವೆಂದು ಕಲ್ಲನ್ನು ಸಾಮಾನ್ಯವಾಗಿ ಮೂರು ತುಂಡಾಗಿ ಕಳಿಸುತ್ತಾರೆ. ಆ ಮೂರನ್ನೂ ಚೌಕಟ್ಟಿನ ಮೇಲೆ ಇಟ್ಟು, ರಸಮಟ್ಟ ಹಿಡಿದು, ಸಂದು ತುಂಬಿ, ಮೇಲೆ ಬಟ್ಟೆ ಎಳೆದು ಕಟ್ಟಿದಾಗ ಮಾತ್ರ ಅದು ಪೂಲ್ ಟೇಬಲ್. ಅಂದರೆ ಲಾರಿಯಿಂದ ಇಳಿಯುವುದು ಬರೀ ಸಾಮಾನು. ಕಾಲು ಮಿಲಿಮೀಟರಿನ ಲೆಕ್ಕ ತಪ್ಪಿದರೆ ನಿಧಾನ ಹೊಡೆತದ ಚೆಂಡು ಬಾಗಿ ಹೋಗುತ್ತದೆ. ಎಷ್ಟು ದುಬಾರಿ ಕಲ್ಲಾದರೂ ಅದನ್ನು ತಡೆಯಲಾರದು.

ಮೊದಲ ಸಲವೇ ಸರಿಯಾಗಿ ಕೂರಿಸಿದರೆ ಎರಡನೇ ಭೇಟಿ ಯಾಕೆ ಎಂದು ಕೇಳಬಹುದು. ಹೊಸ ಟೇಬಲ್ ತನ್ನ ಭಾರಕ್ಕೆ ತಾನೇ ಕೂರುತ್ತದೆ, ಹೊಸ ಬಟ್ಟೆ ಆಡಿದ ಹಾಗೆ ಸ್ವಲ್ಪ ಸಡಿಲವಾಗುತ್ತದೆ, ಚೌಕಟ್ಟಿನ ಮರ ಹವೆಗೆ ತಕ್ಕಂತೆ ಒಣಗಿ ಕುಗ್ಗುತ್ತದೆ. ಇದರಲ್ಲಿ ಕೊನೆಯದು ನಮಗೆ ಹೆಚ್ಚು ಸಂಬಂಧಿಸಿದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೆಂಗಳೂರಿನ ತಂಪಿನಲ್ಲಿ ಹದವಾದ ಮರ ಇಲ್ಲಿನ ಏಪ್ರಿಲ್ ಕಂಡ ಮೇಲೆ ಬೇರೆಯದೇ ಅಳತೆ ತೋರಿಸಬಹುದು. ಅದರ ಜೊತೆಗೆ ನೆಲ. ನಮ್ಮ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲು ಹಾಸಿದ ನೆಲಕ್ಕೆ ತೊಳೆದ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುವುದುಂಟು. ಅದನ್ನು ಸರಿದೂಗಿಸಲು ಟೇಬಲ್ಲಿನ ಕಾಲಿನ ಕೆಳಗೆ ಕೊಟ್ಟ ಆಸರೆ ಒಂದು ಬದಿಗೆ ಕುಸಿದರೆ ಇಡೀ ಮಟ್ಟ ಹೋಯಿತು. ಬೆಂಗಳೂರಿನ ಗಿರಾಕಿಗೆ ಇದನ್ನು ಸರಿಪಡಿಸಿಕೊಳ್ಳುವುದು ಒಂದು ಫೋನ್ ಕರೆಯ ಕೆಲಸ. ಆ ನಗರದಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಿದೆ, ಬಿಲಿಯರ್ಡ್ಸ್ ಆಟಗಾರ ಪಂಕಜ್ ಅಡ್ವಾಣಿ ಕೋಚ್ ಅರವಿಂದ್ ಸವೂರ್ ಅವರ ಬಳಿ ಪಳಗಿದ್ದೂ ಅಲ್ಲೇ. ಟೇಬಲ್‌ಗಳು ಹೆಚ್ಚಿರುವಲ್ಲಿ ಮಿಸ್ತ್ರಿಗಳೂ ಸಿಗುತ್ತಾರೆ. ರಾಯಚೂರಿನಿಂದ ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ದೇವದುರ್ಗಕ್ಕಾದರೆ ಅದರ ಮೇಲೆ ಇನ್ನೊಂದು ಬಸ್ಸು. ಮೊದಲೇ ಮಾತಾಡಿಕೊಳ್ಳದಿದ್ದರೆ ಮಿಸ್ತ್ರಿ ಆ ದಾರಿ ಸವೆಸಿ ಬರುವುದು ಕಷ್ಟ.

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಮಾರಿದವರಿಗೆ ಈ ತರ್ಕ ಹೊಸದಲ್ಲ. ಅಲ್ಲಿ ರಾಶಿಯೊಳಗೆ ಕೈ ಹಾಕದೆ ಯಾರೂ ದರ ಕೂಗುವುದಿಲ್ಲ. ಭಾರತೀಯ ಹತ್ತಿ ನಿಗಮ ಕೊಂಡರೂ ತೇವಾಂಶ ಶೇ 8 ದಾಟಿದಂತೆ ದರ ಕಡಿತ, ಶೇ 12 ದಾಟಿದರೆ ಖರೀದಿಯೇ ಇಲ್ಲ. ಗುಣ ಗೊತ್ತಾಗದ ಸರಕಿಗೆ ದರವೆಂಬುದೇ ಇಲ್ಲ ಎಂದು ಮಾರುವಾಗ ತಿಳಿದಿರುವ ನಾವು ಕೊಳ್ಳುವಾಗ ಮರೆಯುತ್ತೇವೆ. ಕಲ್ಲು ಸ್ಲೇಟೋ ಮಾರ್ಬಲ್ಲೋ, ದಪ್ಪ ಎಷ್ಟು, ಬಟ್ಟೆ ಸಿಮೋನಿಸ್, ಸ್ಟ್ರಾಚನ್‌ನಂಥ ಉಣ್ಣೆ ನೇಯ್ಗೆಯದೋ ಹೆಸರಿಲ್ಲದ್ದೋ, ಚೆಂಡು ಅರಾಮಿತ್ ಫಿನಾಲಿಕ್‌ದೋ ಅಗ್ಗದ ಪ್ಲಾಸ್ಟಿಕ್‌ದೋ, ಜಿಎಸ್‌ಟಿ, ಲಾರಿ ಬಾಡಿಗೆ, ಹಮಾಲಿ, ಫಿಟ್ಟಿಂಗ್ ಒಳಗೋ ಹೊರಗೋ, ಇಷ್ಟನ್ನು ಬರೆಸಿಕೊಳ್ಳದೆ ಇಬ್ಬರು ಡೀಲರ್‌ಗಳ ದರವನ್ನು ಪಕ್ಕಪಕ್ಕ ಇಡಲಾಗದು. ಲೆಕ್ಕಕ್ಕೆಂದು ಊಹಿಸಿಕೊಳ್ಳಿ: ಒಬ್ಬ 2,40,000ಕ್ಕೆ ಶೇ 15 ಬಿಟ್ಟು 2,04,000 ಎನ್ನುತ್ತಾನೆ, ತೆರಿಗೆ, ಸಾಗಣೆ, ಫಿಟ್ಟಿಂಗ್ ಸೇರಿ ಮತ್ತೆ 55,000 ಆದರೆ ಒಟ್ಟು 2,59,000. ಇನ್ನೊಬ್ಬ ಒಂದು ರೂಪಾಯಿಯನ್ನೂ ಬಿಡದೆ, ಮಾನ್ವಿಯ ಮನೆಯಲ್ಲಿ ಕೂರಿಸಿ 2,45,000 ಎನ್ನುತ್ತಾನೆ. ಚೌಕಾಸಿಗೆ ಒಪ್ಪಿದ ಮೊದಲನೆಯವನೇ ತುಟ್ಟಿ.

ಇದಕ್ಕೆ ಬರುವ ದೊಡ್ಡ ಆಕ್ಷೇಪ: ಕಡಿಮೆಯಾದ ಹಣ ಕೈಯಲ್ಲಿರುತ್ತದೆ, ಡೀಲರಿನ ಮಾತು ಗಾಳಿಯಲ್ಲಿರುತ್ತದೆ. ನ್ಯಾಯವಾದ ಅನುಮಾನವೇ. ಅದಕ್ಕೆ ಮದ್ದು, ಹಣದ ಒಂದು ಪಾಲನ್ನು ಎರಡನೇ ಭೇಟಿಯವರೆಗೆ ತಡೆದಿಟ್ಟುಕೊಳ್ಳುವುದು. ಅದಕ್ಕೊಪ್ಪದ ಡೀಲರಿಗೆ ಇನ್ನೊಂದು ದಾರಿ ತೋರಿಸಬಹುದು: ಆ ಭೇಟಿಯ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಈಗಲೇ ನಿಗದಿ ಮಾಡಿ ಬಿಲ್ಲಿನಲ್ಲಿ ಬರೆದುಕೊಡು ಎಂದು. ಎರಡನೇ ಆಕ್ಷೇಪ, ಒಂದು ಟೇಬಲ್ಲಿಗಾಗಿ ಅಷ್ಟು ದೂರ ಯಾರು ಬರುತ್ತಾರೆ ಎಂಬುದು. ರಾಯಚೂರಿನ ಕ್ಲಬ್ಬು, ಮಾನ್ವಿಯ ಮನೆ, ದೇವದುರ್ಗದ ಪಾರ್ಲರು ಒಟ್ಟಿಗೆ ಆರ್ಡರ್ ಕೊಟ್ಟರೆ ಒಂದೇ ಲಾರಿ, ಒಂದೇ ಮಿಸ್ತ್ರಿ. ಆಗ ಡೀಲರಿಗೂ ಗಿಟ್ಟುತ್ತದೆ. ಮೂರನೆಯದು, ಎಂಡಿಎಫ್ ಹಲಗೆಯ ಸಣ್ಣ ಟೇಬಲ್ಲಿಗೆ ಇದೆಲ್ಲ ಯಾಕೆ? ಮಕ್ಕಳ ರಜೆಗೆಂದು ಕೊಳ್ಳುವುದಾದರೆ ಬೇಡವೇ ಬೇಡ. ಅದನ್ನು ದರ ನೋಡಿಯೇ ಕೊಳ್ಳಿ. ಆಟ ಕಲಿಯಬೇಕೆನ್ನುವವರಿಗೆ ಮಾತ್ರ ಈ ಮಾತು. ಇನ್ನು, ಬಗ್ಗದೆ ಜಗ್ಗಿದರೆ ದರವೂ ಇಳಿದೀತು, ಮಿಸ್ತ್ರಿಯೂ ಬಂದಾನು ಎನ್ನುವವರಿದ್ದಾರೆ. ಲಾಭವನ್ನೆಲ್ಲ ಹಿಂಡಿಸಿಕೊಂಡ ಡೀಲರು ನಷ್ಟವನ್ನು ಗಿರಾಕಿಗೆ ಕಾಣದ ಕಡೆ ತುಂಬಿಕೊಳ್ಳಬಲ್ಲ: ಕುಷನ್ನಿನೊಳಗಿನ ರಬ್ಬರಿನಲ್ಲಿ, ಬಟ್ಟೆಯ ದರ್ಜೆಯಲ್ಲಿ, ಒಂದು ದಿನದ ಕೆಲಸವನ್ನು ಎರಡು ತಾಸಿಗೆ ಮುಗಿಸುವ ಮಿಸ್ತ್ರಿಯಲ್ಲಿ.

ತೆರಿಗೆ ಉಳಿಸಲು ಬಿಲ್ ಬೇಡ ಎನ್ನುವ ಒಪ್ಪಂದ ಎಲ್ಲಕ್ಕಿಂತ ತುಟ್ಟಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿನ ಡೀಲರ್ ಮೇಲೂ ರಾಯಚೂರಿನ ಆಯೋಗಕ್ಕೆ ಹೋಗಬಹುದು. ವ್ಯಾಪಾರಕ್ಕೆಂದು ಕೊಂಡವರಿಗೆ ಈ ಕಾಯ್ದೆ ಅನ್ವಯಿಸದು, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಬಿಟ್ಟು. ದೊಡ್ಡ ಪಾರ್ಲರ್ ಮಾಲೀಕರು ಹೀಗಾಗಿ ಇನ್ನೂ ಎಚ್ಚರ ವಹಿಸಬೇಕು. ಆದರೆ ಕಾನೂನಿಗೆ ಹಿಡಿದು ತೋರಿಸಲು ಒಂದು ಕಾಗದವಾದರೂ ಬೇಕು. ಪಕ್ಕಾ ಬಿಲ್ಲಿನಲ್ಲಿ ಕಲ್ಲಿನ ದಪ್ಪ, ಬಟ್ಟೆಯ ಹೆಸರು, ಎರಡನೇ ಭೇಟಿಯ ತಿಂಗಳು ಬರೆದಿರಲಿ. ಆ ತಿಂಗಳು ಬೇಸಿಗೆ ಕಳೆದ ಮೇಲಿನದಾಗಿರಲಿ. ಇಷ್ಟು ಬರೆದುಕೊಡಲು ಹಿಂಜರಿಯದ ಡೀಲರ್ ಐದು ಸಾವಿರ ಹೆಚ್ಚು ಕೇಳಿದರೂ ಕೊಡಬಹುದು. ಬರೆಯಲೊಲ್ಲದವನು ಐವತ್ತು ಸಾವಿರ ಬಿಟ್ಟರೂ ಎದ್ದು ಬರುವುದು ಲೇಸು.