ಟ್ಯಾಂಕೋ, ಲೇಕೋ?

ಸಮಾನಾರ್ಥಕ ಪದಗಳ ಪಟ್ಟಿಯನ್ನು ಮಕ್ಕಳಿಂದ ಉರು ಹೊಡೆಸುವ ಇಂಗ್ಲಿಷ್ ಗೈಡುಗಳ ಮೇಲೆ ನನಗೆ ಬಹಳ ದಿನದ ತಕರಾರಿದೆ. ಪಾಂಡ್, ಟ್ಯಾಂಕ್, ಲೇಕ್ ಎಲ್ಲಕ್ಕೂ ಅಲ್ಲಿ ಒಂದೇ ಅರ್ಥ: ಕೆರೆ. ಅಂಕ ಬರುತ್ತದೆ, ಪದ ಮಾತ್ರ ಕೈಗೆ ಬರುವುದಿಲ್ಲ.

ಕನ್ನಡದಲ್ಲಿ ನಾವು ಹೀಗೆ ಮಾಡುವವರಲ್ಲ. ದನ ನೀರು ಕುಡಿಯುವ ಚಿಕ್ಕ ಗುಂಡಿ ಕುಂಟೆ. ದೇವಸ್ಥಾನದ ಬಳಿ ಮೆಟ್ಟಿಲು ಕಟ್ಟಿದ್ದು ಕಲ್ಯಾಣಿ. ಏರಿ, ತೂಬು, ಕೋಡಿ ಇದ್ದರೆ ಕೆರೆ. ಮಾನಸ ಸರೋವರವನ್ನು ಮಾನಸ ಕೆರೆ ಎಂದವರುಂಟೆ? ಅದನ್ನು ಯಾರೂ ಕಟ್ಟಲಿಲ್ಲ. ಇಂಗ್ಲಿಷಿನ ಲೇಕ್ ಸಾಮಾನ್ಯವಾಗಿ ಹೀಗೆ ತಾನಾಗಿ ನಿಂತ ನೀರು. ಹಳ್ಳಕ್ಕೆ ಅಡ್ಡ ಏರಿ ಹಾಕಿ ಜನ ನಿಲ್ಲಿಸಿದ ನೀರನ್ನು ಇಲ್ಲಿಗೆ ಬಂದ ಇಂಗ್ಲಿಷರು ಟ್ಯಾಂಕ್ ಎಂದರು. 1894ರ ಕಿಟ್ಟೆಲ್ ನಿಘಂಟಿನಲ್ಲಿ ಕೆರೆಗೆ ಇರುವ ಅರ್ಥವೂ ಅದೇ. 1986ರಲ್ಲಿ ಬೆಂಗಳೂರಿನ ಕೆರೆಗಳ ಬಗ್ಗೆ ವರದಿ ಕೊಟ್ಟ ಲಕ್ಷ್ಮಣ ರಾವ್ ಸಮಿತಿಯೂ ಟ್ಯಾಂಕ್ ಎಂದೇ ಬರೆಯಿತು.

ಆಮೇಲೆ ಟ್ಯಾಂಕ್ ಎಂದರೆ ತಾರಸಿಯ ಮೇಲಿನ ಕಪ್ಪು ಡ್ರಮ್ಮಾಯಿತು. 2002ರಲ್ಲಿ ಹುಟ್ಟಿದ ಪ್ರಾಧಿಕಾರದ ಇಂಗ್ಲಿಷ್ ಹೆಸರಿಗೆ ಲೇಕ್ ಸೇರಿತು. 2014ರ ಕಾಯ್ದೆಯ ಹೆಸರಿನಲ್ಲೂ ಮೊದಲು ಲೇಕ್, ತಿದ್ದುಪಡಿಯಾದ ಮೇಲೆ ಟ್ಯಾಂಕ್. ಕನ್ನಡದಲ್ಲಿ ಮಾತ್ರ ಅಂದೂ ಕೆರೆ, ಇಂದೂ ಕೆರೆ.

ಇದು ಬರೀ ಹೆಸರಿನ ಜಗಳವಲ್ಲ. ನಮ್ಮ ಬೆಳ್ಳಂದೂರು ಕೆರೆಗೆ ಮೇಲಿನ ಕೆರೆಗಳ ನೀರು ಬರುತ್ತದೆ. ಇಲ್ಲಿನ ಕೋಡಿ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಟ್ಯಾಂಕ್ ಎಂದಾಗ ಈ ಸಾಲೆಲ್ಲ ನೆನಪಾಗಬೇಕು. ಕಟ್ಟಿದವರಿದ್ದರು, ಆದ್ದರಿಂದ ಹೂಳೆತ್ತುವವರೂ ಕಾಲುವೆ ಕಾಯುವವರೂ ಇರಬೇಕು. ಲೇಕ್ ಎಂದರೆ ಬಾಲ್ಕನಿಯಿಂದ ನೋಡುವ ನೀರು. ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ‘ಲೇಕ್ ವ್ಯೂ’ ಇರುತ್ತದೆ. ‘ಟ್ಯಾಂಕ್ ವ್ಯೂ’ ಎಂದರೆ ಯಾರು ಕೊಂಡಾರು? ಊರ ಕೊಳಚೆಯೆಲ್ಲ ಹರಿದು ಬಂದು, 2015ರಲ್ಲೂ 2017ರಲ್ಲೂ ಬೆಂಕಿ ಕಾಣಿಸಿಕೊಂಡದ್ದು ಇದೇ ‘ವ್ಯೂ’ನಲ್ಲಿ. ಪದ ಬದಲಾದ್ದರಿಂದಲೇ ಕೆರೆ ಕೆಟ್ಟಿತೆಂದು ನಾನು ಹೇಳಲಾರೆ. ಆದರೆ ಏರಿ, ತೂಬುಗಳನ್ನು ಮರೆಯಬಯಸಿದವರಿಗೆ ಹೊಸ ಪದ ಬಹಳ ಅನುಕೂಲವಾಯಿತು.

ಆದ್ದರಿಂದ ಅರ್ಥ ಕೇಳುವ ಮಕ್ಕಳಿಗೆ ನಾನು ಎರಡು ಪ್ರಶ್ನೆ ಹಾಕುತ್ತೇನೆ. ಈ ವಸ್ತುವನ್ನು ಯಾರು ಮಾಡಿದರು? ಯಾರು, ಯಾವಾಗ ಹೀಗೆನ್ನುತ್ತಾರೆ? ಹೌಸ್, ಹೋಮ್‌ಗಳೂ ಇದರಲ್ಲಿ ಬೇರಾಗುತ್ತವೆ. ಹೌಸನ್ನು ಮೇಸ್ತ್ರಿ ಕಟ್ಟಿಕೊಡುತ್ತಾನೆ, ಹೋಮನ್ನು ಅವನು ಕಟ್ಟಲಾರ. ಗೈಡು ಬರೆಯುವವರು ಪದದ ಮುಂದೆ ಅರ್ಥದ ಬದಲು ಇಂಥ ಒಂದು ವಾಕ್ಯ ಹಾಕಿದರೂ ಸಾಕು, ಮುಂದಿನದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.