‘ಲೆ ದ್ಯಾಬ್ಲ್ ಬ್ವಾತೆ’: ಸೇವೆಯೂ ಅದರ ಬೆಲೆಯೂ

ಫ್ರಾನ್ಸಿನ ನಾಟಕಕಾರ ಹಾಗೂ ನಟ ಸಾಶಾ ಗಿಟ್ರಿ 1948ರಲ್ಲಿ ತೆರೆಗೆ ತಂದ ‘ಲೆ ದ್ಯಾಬ್ಲ್ ಬ್ವಾತೆ’ ಎಂಬ ಚಿತ್ರದ ಹೆಸರಿಗೆ ‘ಕುಂಟ ಪಿಶಾಚಿ’ ಎಂದರ್ಥ. ಕಾಲು ಊನವಾಗಿದ್ದ ರಾಜತಂತ್ರಜ್ಞ ತಾಲೆರಾನ್‌ನನ್ನು (1754–1838) ಹಗೆಗಳು ಹೀಗೆ ಹಂಗಿಸುತ್ತಿದ್ದರು. ಆತ ಮೊದಲು ಓತನ್‌ನ ಬಿಷಪ್. ಮುಂದೆ ಕ್ರಾಂತಿ, ಡೈರೆಕ್ಟರಿ, ನೆಪೋಲಿಯನ್, ಹದಿನೆಂಟನೆಯ ಲೂಯಿ, ಕೊನೆಗೆ ಲೂಯಿ ಫಿಲಿಪ್, ಹೀಗೆ ಎಲ್ಲ ಪ್ರಭುತ್ವಗಳಿಗೂ ಬೇಕಾದವನಾಗಿ ಉಳಿದನು. ಗಿಟ್ರಿ ಸ್ವತಃ ಈ ಪಾತ್ರವನ್ನು ವಹಿಸಿದ್ದಾರೆ.

ಚಿತ್ರದ ಒಂದು ಯುಕ್ತಿ ಬಹು ಅರ್ಥಪೂರ್ಣವಾದುದು. ತಾಲೆರಾನ್‌ನ ಮನೆಯ ನಾಲ್ವರು ಊಳಿಗದವರ ಪಾತ್ರ ವಹಿಸಿದ ನಟರೇ ನೆಪೋಲಿಯನ್ ಹಾಗೂ ಮೂವರು ಅರಸರಾಗಿಯೂ ಕಾಣಿಸಿಕೊಳ್ಳುತ್ತಾರೆ. ಯಜಮಾನರು ಬಂದುಹೋಗುವವರು, ಸ್ಥಿರವಾಗಿರುವವನು ಮಂತ್ರಿ. ಅವನ ನಿಷ್ಠೆ ಸಿಂಹಾಸನಕ್ಕಲ್ಲ, ದೇಶಕ್ಕೆ. ಇದು ಗಿಟ್ರಿಯವರ ವಾದ. ಈ ವಾದದಲ್ಲಿ ಅವರ ಸ್ವಂತ ನೋವೂ ಬೆರೆತಿರಬೇಕು. ಜರ್ಮನ್ ಆಕ್ರಮಣದ ಕಾಲದಲ್ಲಿ ರಂಗಭೂಮಿಯನ್ನು ಬಿಡದಿದ್ದ ಅವರನ್ನು 1944ರಲ್ಲಿ ಸಹಕಾರದ ಆರೋಪದ ಮೇಲೆ ಬಂಧಿಸಿ ಸುಮಾರು ಎರಡು ತಿಂಗಳು ಸೆರೆಯಲ್ಲಿಟ್ಟಿದ್ದರು. 1947ರಲ್ಲಿ ಮೊಕದ್ದಮೆ ಕೈಬಿಡಲಾಯಿತು.

ಪ್ರಭುತ್ವ ಬದಲಾದರೂ ಹುದ್ದೆಯಲ್ಲಿ ಉಳಿಯುವುದು ತನ್ನಷ್ಟಕ್ಕೇ ದೋಷವಲ್ಲ. ಆಡಳಿತ ಮಂಡಳಿ ಬದಲಾದೊಡನೆ ಲೆಕ್ಕ ಬರೆಯುವವನೂ ಎದ್ದು ಹೋಗಬೇಕೆಂದು ಯಾವ ಸಂಸ್ಥೆಯೂ ಬಯಸದು. 1814–15ರ ವಿಯೆನ್ನಾ ಸಮ್ಮೇಳನದಲ್ಲಿ, ಸೋತ ಫ್ರಾನ್ಸಿಗೆ ಗೆದ್ದವರ ನಡುವೆ ಸಮಾನ ಆಸನ ದೊರಕಿಸಿಕೊಟ್ಟವನು ಇವನೇ. ಆದರೆ ತಾಲೆರಾನ್‌ನನ್ನು ತೂಗಬೇಕಾದ ತಕ್ಕಡಿ ಬೇರೆಯದು. 1797ರಲ್ಲಿ ಅಮೆರಿಕದ ದೂತರು ಪ್ಯಾರಿಸ್ಸಿಗೆ ಬಂದಾಗ, ಮಾತುಕತೆ ಆರಂಭವಾಗಬೇಕಾದರೆ ವಿದೇಶಾಂಗ ಮಂತ್ರಿಗೆ 50,000 ಪೌಂಡ್ ಸಲ್ಲಬೇಕೆಂದು ಅವನ ಮಧ್ಯವರ್ತಿಗಳು ತಿಳಿಸಿದರು. 1808ರಲ್ಲಿ ಎರ್ಫರ್ಟ್‌ನಲ್ಲಿ, ನೆಪೋಲಿಯನ್ನನ ಪರವಾಗಿ ಹೋಗಿದ್ದವನು ರಷ್ಯದ ಚಕ್ರವರ್ತಿ ಅಲೆಕ್ಸಾಂಡರನಿಗೆ ನೆಪೋಲಿಯನ್ನನನ್ನು ಎದುರಿಸಿ ನಿಲ್ಲುವಂತೆ ಗುಟ್ಟಾಗಿ ಸಲಹೆಯಿತ್ತನು. ಕೊನೆಯಿಲ್ಲದ ಯುದ್ಧ ಯೂರೋಪಿಗೂ ಫ್ರಾನ್ಸಿಗೂ ವಿನಾಶಕರವೆಂಬ ಅವನ ನಿಲುವು ಸರಿಯಾದುದೇ. ಲಕ್ಷಾಂತರ ಜೀವಗಳ ಪ್ರಶ್ನೆ ಅದರಲ್ಲಿತ್ತು. ಆದರೆ ಮರುವರ್ಷವೇ ಆಸ್ಟ್ರಿಯಾಕ್ಕೆ ಸುದ್ದಿ ಒದಗಿಸಿ ಅದಕ್ಕೆ ಹಣ ಪಡೆದನು. ಶಾಂತಿಯ ಸಲಹೆಯನ್ನು ವ್ಯಾಪಾರದ ಸರಕಾಗಿಸಿದವನನ್ನು ದೇಶಭಕ್ತನೆಂಬ ಒಂದೇ ಮಾತಿನಿಂದ ಬಿಡುಗಡೆ ಮಾಡಲಾಗದು. ಗಿಟ್ರಿಯವರ ಮೋಹಕ ಸಂಭಾಷಣೆ ನಮ್ಮನ್ನು ನಗಿಸುತ್ತ ನಗಿಸುತ್ತ ಈ ಲೆಕ್ಕವನ್ನೇ ಮರೆಸುತ್ತದೆ. ಚಿತ್ರದ ಶಕ್ತಿಯೂ ಅದೇ, ಅಪಾಯವೂ ಅದೇ.

ಲಾನಾ ಮಾರ್ಕೋನಿ ನಟಿಸಿರುವ ಕ್ಯಾಥರೀನ್ ಗ್ರಾಂಡ್ ನಮ್ಮ ಕೋರಮಂಡಲ ಕರಾವಳಿಯ ತರಂಗಂಬಾಡಿಯಲ್ಲಿ ಹುಟ್ಟಿದವಳು. ಬಿಷಪ್ ಆಗಿದ್ದವನು ವಿವಾಹವಾಗಲು ಪೋಪರ ಅನುಮತಿ ದೊರೆಯದಿದ್ದರೂ ತಾಲೆರಾನ್ 1802ರಲ್ಲಿ ಅವಳ ಕೈಹಿಡಿದನು. ತೊರೆದಿದ್ದ ಆ ಚರ್ಚಿನೊಡನೆ ಕಟ್ಟಕಡೆಗೆ ಮಾಡಿಕೊಂಡ ಸಂಧಾನದಲ್ಲೂ ಅವನು ಸಮಯ ನೋಡಿಯೇ ನಡೆದನು. ಪಶ್ಚಾತ್ತಾಪ ಪತ್ರ ಸಿದ್ಧವಾಗಿದ್ದರೂ ಅದಕ್ಕೆ ಸಹಿ ಹಾಕಿದ್ದು 1838ರ ಮೇ 17ರ ಬೆಳಿಗ್ಗೆ. ಅದೇ ದಿನ ಅರಸ ಲೂಯಿ ಫಿಲಿಪ್ ಅವನನ್ನು ನೋಡಲು ಮನೆಗೆ ಬಂದನು. ಸಂಜೆಯ ಹೊತ್ತಿಗೆ ತಾಲೆರಾನ್ ಇರಲಿಲ್ಲ.